‘ಅದೇ ನೋವು’ ಅಂದರೆ ಯಾವ ನೋವು?

ಒಂದು ಸೋಮವಾರದ ಬೆಳಗ್ಗೆ. ಹೊರರೋಗಿಗಳ ಕೋಣೆ. ನನ್ನ ಮೇಜಿನ ಎದುರಿಗೆ ಐವತ್ತು ದಾಟಿದ ಒಬ್ಬ ಹೆಣ್ಣುಮಗಳು ಕೂತಿದ್ದಾರೆ. ತುಮಕೂರು ಜಿಲ್ಲೆಯವರು. ಬಸ್ ಸ್ಟ್ಯಾಂಡಿನ ಎದುರು ಹೂ ಕಟ್ಟಿ ಮಾರುತ್ತಾರೆ. ಅವರಿಗೆ ರುಮಟಾಯ್ಡ್ ಸಂಧಿವಾತ ಶುರುವಾಗಿ 18 ವರ್ಷ. ಅಷ್ಟೂ ವರ್ಷಗಳ ಚೀಟಿ, ರಕ್ತಪರೀಕ್ಷೆಯ ಕಾಗದ, ಎಕ್ಸ್‌ರೇ ಎಲ್ಲವೂ ಒಂದು ಬಟ್ಟೆಯ ಚೀಲದಲ್ಲಿವೆ. ಚೀಲದ ಬಾಯಿಗೆ ಬಾಳೆನಾರಿನ ಗಂಟು. ಆ ಗಂಟನ್ನು ಅವರು ಬೆರಳಿನಿಂದ ಬಿಚ್ಚಲಿಲ್ಲ. ಹಲ್ಲಿನಿಂದ ಬಿಚ್ಚಿದರು.

‘ಹೇಗಿದ್ದೀರಮ್ಮ?’ ಎಂದು ಕೇಳಿದೆ.

‘ಅದೇ ನೋವು ಡಾಕ್ಟ್ರಮ್ಮ, ಇನ್ನೇನಿರ್ತದೆ’ ಅಂದರು.

ಇವತ್ತು ನಾನು ಮಾತಾಡುವುದು ಆ ಒಂದು ಪದದ ಬಗ್ಗೆ. ‘ಅದೇ.’ ಹದಿನೆಂಟು ವರ್ಷ ನೋವು ತಿಂದವರಿಗೆ ಎಲ್ಲ ನೋವೂ ಅದೇ. ಮನೆಯವರಿಗೂ ಅದೇ. ಎಷ್ಟೋ ಸಲ ವೈದ್ಯರಿಗೂ ಅದೇ. ಹಳೆಯ ಚೀಟಿ ತಿರುವಿ ಹಾಕಿ, ಮಾತ್ರೆ ಮುಂದುವರಿಸಿ ಎಂದು ಬರೆದು ಕಳಿಸಿಬಿಡುತ್ತೇವೆ. ಆದರೆ ಈ ಕಾಯಿಲೆ ಹಳೆಯದಾದ ಹಾಗೆಲ್ಲ ನೋವಿಗೆ ಕಾರಣಗಳು ಹೆಚ್ಚುತ್ತಾ ಹೋಗುತ್ತವೆ. ಹೊಸ ರೋಗಿಗೆ ಕೊಡುವುದಕ್ಕಿಂತ ಹಳೆಯ ರೋಗಿಗೆ ಹೆಚ್ಚು ಹೊತ್ತು ಕೊಡಬೇಕು. ಬಹಳ ಕಡೆ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು. ಈ ಮಾತನ್ನು ನಾನು ಬೇಸರದಿಂದಲೇ ಹೇಳುತ್ತಿದ್ದೇನೆ.

ಮೊದಲು ಕಾಯಿಲೆ ಯಾವುದೆಂದು ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮಲ್ಲಿ ಕೀಲು ನೋಯುವ ಎಲ್ಲದಕ್ಕೂ ‘ವಾಯು’ ಅನ್ನುವ ರೂಢಿಯಿದೆ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಬೇರೆ, ಇದು ಬೇರೆ. ಸೋಂಕಿನಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಇಲ್ಲಿ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಕೀಲಿನ ಒಳಗೆ ತೆಳುವಾದ ಒಂದು ಪೊರೆ ಇದೆ. ಅದು ಊದಿ, ದಪ್ಪವಾಗಿ, ಪಕ್ಕದ ಮೆದುಮೂಳೆಯನ್ನೂ ಮೂಳೆಯನ್ನೂ ಕೊರೆಯುತ್ತದೆ. ನೂರಿನ್ನೂರು ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. 1800ರಲ್ಲಿ ಪ್ಯಾರಿಸ್ಸಿನ ಲಾಂದ್ರೆ-ಬೋವೆ ಎಂಬ ಯುವ ವೈದ್ಯ ಇದು ಬೇರೆಯೇ ಕಾಯಿಲೆ ಎಂದು ಬರೆದಿಟ್ಟ. ಅವನು ವಿವರಿಸಿದ್ದು ಒಂಬತ್ತು ರೋಗಿಗಳನ್ನು. ಒಂಬತ್ತೂ ಹೆಂಗಸರೇ. ಈಗಿನ ಹೆಸರು ಬಂದದ್ದು ಆಮೇಲೆ, 1859ರಲ್ಲಿ, ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಅವರಿಂದ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೆಯ ಸಂಧಿವಾತದಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಒಂದು, ಈಗಲೂ ಉರಿಯುತ್ತಿರುವ ಊತ. ಇನ್ನೊಂದು, ಹಿಂದೆ ಉರಿದದ್ದರಿಂದ ಉಳಿದ ಹಾನಿ. ಉರಿಯುತ್ತಿರುವ ಊತಕ್ಕೆ ಒಳ್ಳೆಯ ಔಷಧಗಳಿವೆ. ಆದರೆ ಉಳಿದುಹೋದ ಹಾನಿಗೆ ಅದೇ ಔಷಧವನ್ನು ಎಷ್ಟು ಏರಿಸಿದರೂ ಗುಣ ಕಾಣುವುದಿಲ್ಲ. ಅಡ್ಡ ಪರಿಣಾಮ ಮಾತ್ರ ಕಾಣುತ್ತದೆ. ಬೆರಳು ಸೊಟ್ಟಗಾದವರನ್ನು ನೋಡಿ ಹಿಂದಿನ ವೈದ್ಯರು ಕಾಯಿಲೆ ಉರಿದು ಆರಿಹೋಗಿದೆ ಎನ್ನುತ್ತಿದ್ದರು. ಕಣ್ಣಿಗೆ ಹಾಗೆಯೇ ಕಾಣುತ್ತದೆ. ಕೈಯಿಂದ ಮುಟ್ಟಿ ನೋಡಿದರೆ ಎಷ್ಟೋ ಜನರಲ್ಲಿ ಅದು ಬೂದಿ ಮುಚ್ಚಿದ ಕೆಂಡ. ಇನ್ನು ಕೆಲವರಲ್ಲಿ ನಿಜವಾಗಿಯೂ ಬೂದಿಯೇ. ಯಾವುದು ಕೆಂಡ, ಯಾವುದು ಬೂದಿ ಎಂದು ತಿಳಿಯುವ ಮೊದಲು ಔಷಧ ಬರೆಯಬಾರದು.

ತಿಳಿಯುವ ಕೆಲಸ ಶುರುವಾಗುವುದು ಮಾತಿನಿಂದ.

ಊತ ಉರಿಯುತ್ತಿದ್ದರೆ ಬೆಳಗ್ಗೆ ಕೀಲುಗಳು ಹಿಡಿದುಕೊಳ್ಳುತ್ತವೆ. ರಾತ್ರಿಯೆಲ್ಲ ಅಲುಗದೆ ಮಲಗಿದ್ದ ಕೈ ಬೆಳಗ್ಗೆ ಮುಷ್ಟಿಯಾಗುವುದಿಲ್ಲ. ಸವೆತದ ನೋವಿನಲ್ಲೂ ಸ್ವಲ್ಪ ಬಿಗಿತ ಇರುತ್ತದೆ, ಆದರೆ ಐದು ಹತ್ತು ನಿಮಿಷದಲ್ಲಿ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಬಿಡುತ್ತದೆ. ಉರಿಯೂತದ ಬಿಗಿತ ಒಂದು ಗಂಟೆ ದಾಟುತ್ತದೆ. ಕೆಲವರಿಗೆ ಮಧ್ಯಾಹ್ನದವರೆಗೆ. ಎಷ್ಟು ಹೊತ್ತು ಹಿಡ್ಕೊಂಡಿರತ್ತೆ ಎಂದು ನೇರವಾಗಿ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ‘ಯಾವಾಗ್ಲೂ ಇರತ್ತೆ’ ಅನ್ನುತ್ತಾರೆ. ಆದ್ದರಿಂದ ನಾನು ಬೇರೆ ದಾರಿ ಹಿಡಿಯುತ್ತೇನೆ. ಇನ್ನೊಬ್ಬ ರೋಗಿಯ ಜೊತೆಗಿನ ಮಾತು ಹೀಗಿತ್ತು. ಎಷ್ಟು ಗಂಟೆಗೆ ಎದ್ದಿರಿ? ಐದಕ್ಕೆ. ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದಿರೋ, ಬೆರಳಲ್ಲಿ ಹಿಡಿದಿರೋ? ಎರಡೂ ಅಂಗೈಯಲ್ಲಿ. ಜಡೆ ಹೆಣೆದುಕೊಂಡದ್ದು ಯಾವಾಗ? ಏಳೂವರೆಗೆ, ಅದಕ್ಕೆ ಮುಂಚೆ ಬೆರಳು ಬಗ್ಗಲಿಲ್ಲ. ಲೆಕ್ಕ ಸಿಕ್ಕಿತು. ಎರಡೂವರೆ ಗಂಟೆ.

ನೋವಿನ ಸ್ವಭಾವವನ್ನೂ ಹೀಗೆಯೇ ಕೇಳಬೇಕು. ಕೂತು ಎದ್ದಾಗ ಹೆಚ್ಚಾಗಿ, ಓಡಾಡುತ್ತಾ ಸಡಿಲವಾಗುತ್ತದೆಯೆ? ಅದು ಊತದ ಕಡೆಗೆ ಬೆರಳು ತೋರಿಸುತ್ತದೆ. ಬೆಳಗ್ಗೆ ಹಗುರವಾಗಿದ್ದು, ದುಡಿದ ಹಾಗೆ, ನಿಂತ ಹಾಗೆ ಸಂಜೆಗೆ ಏರುತ್ತದೆಯೆ? ಅದು ಹಾನಿಯ ಕಡೆಗೆ. ನಮ್ಮ ಹೂವಿನವರನ್ನು ಕೇಳಿದೆ. ಬೆಳಗ್ಗೆ ಎದ್ದ ಹತ್ತು ನಿಮಿಷಕ್ಕೆ ಕೈ ಆಡುತ್ತದೆ ಅಂದರು. ನೋವು ಏರುವುದು ಸಂತೆಗೆ ಹೋಗಿ ಬಂದ ಮೇಲೆ. ಈ ಮಾತನ್ನು ನೀವೂ ನೆನಪಿನಲ್ಲಿಡಿ. ಕೊನೆಯಲ್ಲಿ ಇದು ಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹಳೆಯ ಕಾಯಿಲೆಯಲ್ಲಿ ಊತ ಬೇರೆ, ಹಾನಿ ಬೇರೆ. ಬೆಳಗಿನ ಬಿಗಿತ ಎಷ್ಟು ಹೊತ್ತು ಎನ್ನುವುದು ಮೊದಲ ಸುಳಿವು. ಈಗ ಕೈಯಿಂದ ಮುಟ್ಟಿ ನೋಡುವ ಕೆಲಸ.

ರೇಡಿಯೋ ಮುಂದೆ ಕೂತಿರುವ ನೀವು ನಿಮ್ಮ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಮುಷ್ಟಿ ಹಿಡಿಯಿರಿ. ಬೆರಳುಗಳು ಅಂಗೈಗೆ ಸೇರುವಲ್ಲಿ ನಾಲ್ಕು ಗೆಣ್ಣು ಗುಡ್ಡದ ಹಾಗೆ ಏಳುತ್ತವೆ. ಗುಡ್ಡಗಳ ನಡುವೆ ಮೂರು ತಗ್ಗು. ಬಲಗೈಯ ತೋರುಬೆರಳಿನಿಂದ ಆ ತಗ್ಗನ್ನು ಸವರಿ ನೋಡಿ. ಊತ ಬಂದಾಗ ಮೊದಲು ಮಾಯವಾಗುವುದು ಈ ತಗ್ಗು. ಗುಡ್ಡ ಎಲ್ಲಿ, ಕಣಿವೆ ಎಲ್ಲಿ ಗೊತ್ತಾಗದಂತೆ ತುಂಬಿಕೊಳ್ಳುತ್ತದೆ. ಈಗ ಮುಷ್ಟಿ ಬಿಡಿ. ಒಂದು ಗೆಣ್ಣಿನ ಎರಡೂ ಪಕ್ಕವನ್ನು ಹೆಬ್ಬೆರಳು ತೋರುಬೆರಳಿನಿಂದ ಹಗುರವಾಗಿ ಒತ್ತಿ. ಗಟ್ಟಿ ಮೂಳೆ ಸಿಕ್ಕಿತಲ್ಲ? ಊದಿದ ಕೀಲು ಹಾಗಿರುವುದಿಲ್ಲ. ಮಾಗಿದ ದ್ರಾಕ್ಷಿಯನ್ನು ಸಿಪ್ಪೆಯ ಮೇಲಿಂದ ಒತ್ತಿದ ಹಾಗೆ ಜಗ್ಗುತ್ತದೆ. ಸವೆದು ದಪ್ಪಗಾದ ಗೆಣ್ಣು ಹುಣಸೆ ಬೀಜದ ಹಾಗೆ. ಎಷ್ಟು ಒತ್ತಿದರೂ ಬಗ್ಗುವುದಿಲ್ಲ. ದ್ರಾಕ್ಷಿಯೋ ಹುಣಸೆ ಬೀಜವೋ ಎಂಬುದನ್ನು ಹೇಳುವ ಯಂತ್ರ ಎಷ್ಟೇ ಬಂದಿರಲಿ, ಮೊದಲು ಹೇಳುವುದು ವೈದ್ಯರ ಹೆಬ್ಬೆರಳು.

ಎಷ್ಟು ಒತ್ತಬೇಕು? ಒತ್ತುವವರ ಉಗುರಿನ ತುದಿ ಬೆಳ್ಳಗಾಗುವಷ್ಟು. ಅದಕ್ಕಿಂತ ಹೆಚ್ಚು ಒತ್ತಿದರೆ ಯಾರಿಗೂ ನೋಯುತ್ತದೆ. ಮಂಡಿಯನ್ನು ನೋಡುವಾಗ ಅಂಗೈಯ ಹಿಂಭಾಗವನ್ನು ಮೊದಲು ತೊಡೆಗೆ, ಆಮೇಲೆ ಮಂಡಿಚಿಪ್ಪಿಗೆ ತಾಗಿಸುತ್ತೇವೆ. ಆರೋಗ್ಯವಾದ ಮಂಡಿ ತೊಡೆಗಿಂತ ತಣ್ಣಗಿರುತ್ತದೆ. ತೊಡೆಯಷ್ಟೇ ಬೆಚ್ಚಗಿದ್ದರೂ ಅದು ಸಹಜವಲ್ಲ.

ಹೀಗೆ 28 ಕೀಲುಗಳನ್ನು ಮುಟ್ಟುತ್ತೇವೆ. ಎರಡು ಭುಜ, ಎರಡು ಮೊಳಕೈ, ಎರಡು ಮಣಿಕಟ್ಟು, ಎರಡು ಮಂಡಿ. ಉಳಿದ 20 ಕೈಬೆರಳುಗಳ ಗೆಣ್ಣುಗಳು, ಬೆರಳಿಗೆ ಎರಡರಂತೆ. ಒತ್ತಿದರೆ ನೋಯುವ ಕೀಲು ಎಷ್ಟು, ಊದಿರುವ ಕೀಲು ಎಷ್ಟು ಎಂದು ಬೇರೆ ಬೇರೆ ಎಣಿಸುತ್ತೇವೆ. ಆಮೇಲೆ ರೋಗಿಯನ್ನು ಕೇಳುತ್ತೇವೆ: ಸೊನ್ನೆಯಿಂದ ಹತ್ತರೊಳಗೆ ನಿಮ್ಮ ಕಾಯಿಲೆ ಇವತ್ತು ಎಷ್ಟು? ವೈದ್ಯರೂ ತಮಗೆ ಅನ್ನಿಸಿದ್ದನ್ನು ಹತ್ತರೊಳಗೆ ಬರೆಯುತ್ತಾರೆ. ನಾಲ್ಕನ್ನೂ ಕೂಡಿದರೆ ಒಂದು ಅಂಕ. ಹತ್ತು ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಹತೋಟಿಯ ಹತ್ತಿರ. 22 ದಾಟಿದರೆ ಜೋರಾಗಿದೆ. ನಡುವೆ ಇದ್ದರೆ ಮಧ್ಯಮ. ಇದಕ್ಕೆ ರಕ್ತ ಬೇಡ, ದುಡ್ಡು ಬೇಡ. ಹತ್ತು ನಿಮಿಷ ಬೇಕು. ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಒಂದು ಕಾಗದ, ಒಂದು ಪೆನ್ನು ಸಾಕು.

ರಕ್ತಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಇಎಸ್‌ಆರ್, ಸಿಆರ್‌ಪಿ ಎಂಬ ಎರಡು ಪರೀಕ್ಷೆಗಳು ಉರಿಯ ಅಂದಾಜು ಕೊಡುತ್ತವೆ. ಆದರೆ ಇಎಸ್‌ಆರ್ ವಯಸ್ಸಾದಂತೆ ತಾನಾಗಿ ಏರುತ್ತದೆ, ರಕ್ತ ಕಡಿಮೆಯಿದ್ದರೂ ಏರುತ್ತದೆ. ಕೀಲು ಊದಿದ್ದರೂ ಸಿಆರ್‌ಪಿ ಸರಿಯಾಗಿರುವವರು ಇದ್ದಾರೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ‘ಆರ್‌ಎ ಫ್ಯಾಕ್ಟರ್’ ಎಂಬ ಪರೀಕ್ಷೆಯನ್ನು ವರ್ಷ ವರ್ಷವೂ ಮಾಡಿಸಿ, ಇನ್ನೂ ಪಾಸಿಟಿವ್ ಇದೆಯಲ್ಲ ಎಂದು ಕಣ್ಣೀರು ಹಾಕುವವರನ್ನು ನೋಡಿದ್ದೇನೆ. ಅದು ಕಾಯಿಲೆಯನ್ನು ಗುರುತಿಸುವಾಗ ಉಪಯೋಗಕ್ಕೆ ಬರುವ ಪರೀಕ್ಷೆ. ಇವತ್ತಿನ ಉರಿ ಎಷ್ಟು ಎಂದು ಅದು ಹೇಳುವುದಿಲ್ಲ. ಆ ದುಡ್ಡನ್ನು ಉಳಿಸಿ.

ಹಾಗಾದರೆ 28 ಕೀಲುಗಳ ಅಂಕ ಬಂದರೆ ಎಲ್ಲ ಮುಗಿಯಿತೆ? ಇಲ್ಲ. ಮಾತಿನಿಂದ ಬಿಗಿತ ತಿಳಿದೆವು, ಕೈಯಿಂದ ಊತ ತಿಳಿದೆವು. ಇವೆರಡಕ್ಕೂ ಸಿಕ್ಕದ ನೋವುಗಳಿವೆ. ‘ಅದೇ’ ಎಂಬ ಪದ ಅತ್ಯಂತ ಹೆಚ್ಚು ಕೆಡುಕು ಮಾಡುವುದು ಇಲ್ಲಿಯೇ.

ನಾನು ಕಲಿಯುತ್ತಿದ್ದ ದಿನಗಳ ಒಂದು ಸಂಗತಿ ಹೇಳುತ್ತೇನೆ. ಉತ್ತರ ಕರ್ನಾಟಕದಿಂದ ಒಬ್ಬ ತಾಯಿ ಬಂದಿದ್ದರು. ಹದಿನೈದು ವರ್ಷದ ಸಂಧಿವಾತ. ಮಣಿಕಟ್ಟಿನ ಹೊರಭಾಗದಲ್ಲಿ ಮೂಳೆ ಉಬ್ಬಿ ನಿಂತಿತ್ತು. ‘ನಿನ್ನೆ ರೊಟ್ಟಿ ತಟ್ಟೂ ಮುಂದ ಕಿರುಬೆರಳು ಒಮ್ಮೆಲೆ ಕೆಳಗ ಬಿತ್ರೀ. ಮ್ಯಾಲೆ ಏಳವಲ್ದು’ ಅಂದರು. ನೋವಿದೆಯೆ ಎಂದು ಕೇಳಿದೆ. ‘ನೋವೇನಿಲ್ರೀ’ ಅಂದರು. ನೋವಿಲ್ಲವಲ್ಲ ಎಂದು ನಾನು ನಿಶ್ಚಿಂತಳಾದೆ. ಹಳೆಯ ಕಾಯಿಲೆಯಿಂದ ಬೆರಳು ಸೊಟ್ಟಗಾಗಿದೆ ಎಂದು ಬರೆದು ಕಳಿಸಿದೆ. ಆರು ವಾರದ ಮೇಲೆ ಅವರು ಮರಳಿ ಬಂದಾಗ ಉಂಗುರಬೆರಳೂ ನಡುಬೆರಳೂ ಕೆಳಗೆ ಬಿದ್ದಿದ್ದವು. ನಮ್ಮ ಹಿರಿಯ ವೈದ್ಯರು ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಮಣಿಕಟ್ಟನ್ನು ಮೆಲ್ಲನೆ ಕೆಳಕ್ಕೆ ಬಾಗಿಸಿದರು. ಆರೋಗ್ಯವಾದ ಕೈಯಲ್ಲಿ ಹಾಗೆ ಮಾಡಿದರೆ ಬೆರಳುಗಳು ತಾವಾಗಿ ನೆಟ್ಟಗಾಗುತ್ತವೆ. ಆ ತಾಯಿಯ ತೋರುಬೆರಳು ಮಾತ್ರ ನೆಟ್ಟಗಾಯಿತು. ಉಳಿದ ಮೂರು ಜೋತುಬಿದ್ದೇ ಇದ್ದವು.

ಬೆರಳನ್ನು ಮೇಲೆತ್ತುವ ಸ್ನಾಯುವಿನ ಹುರಿ ಮಣಿಕಟ್ಟಿನ ಮೇಲೆ ಹಾದುಹೋಗುತ್ತದೆ. ಕೆಳಗಿನ ಮೂಳೆ ಕೊರೆದು ಒರಟಾಗಿದ್ದರೆ, ಬಾವಿಕಟ್ಟೆಗೆ ಉಜ್ಜಿದ ಹಗ್ಗ ಎಳೆ ಎಳೆಯಾಗಿ ಹರಿಯುವ ಹಾಗೆ, ಆ ಹುರಿ ಸವೆದು ತುಂಡಾಗುತ್ತದೆ. ಮೊದಲು ಕಿರುಬೆರಳಿನದು, ಆಮೇಲೆ ಉಂಗುರಬೆರಳಿನದು. ಇಂಗ್ಲೆಂಡಿನ ಶಸ್ತ್ರವೈದ್ಯ ವಾನ್-ಜಾಕ್ಸನ್ 1948ರಲ್ಲೇ ಇದನ್ನು ವಿವರಿಸಿದ್ದರು. ನಾನು ಪುಸ್ತಕದಲ್ಲಿ ಓದಿಯೂ ಇದ್ದೆ. ಒಂದು ಹುರಿ ಹರಿದಾಗಲೇ ಶಸ್ತ್ರಚಿಕಿತ್ಸಕರ ಹತ್ತಿರ ಕಳಿಸಿದ್ದರೆ ಉಳಿದೆರಡು ಉಳಿಯುತ್ತಿದ್ದವು. ರೊಟ್ಟಿ ತಟ್ಟುವ ಆ ಕೈಗೆ ಚಿಕಿತ್ಸೆ ನನ್ನಿಂದ ತಡವಾಯಿತು. ಆ ತಾಯಿ ನನ್ನನ್ನು ಬೈಯಲಿಲ್ಲ. ನಾನು ಮಾತ್ರ ಅಂದಿನಿಂದ ‘ಅದೇ’ ಎಂಬ ಪದವನ್ನು ಕೇಳಿದೊಡನೆ ಪೆನ್ನು ಕೆಳಗಿಡುತ್ತೇನೆ.

ಇಂಥದೇ ಇನ್ನೂ ಕೆಲವು ಇವೆ. ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಕೈ ಕೊಡವಿದರೆ ಸರಿಹೋಗುತ್ತದೆಯೆ? ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿರಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಿಗೆ ಭಾರ ಎತ್ತಿದೊಡನೆ ಬೆನ್ನು ಛಳಕ್ಕೆಂದಿತೆ? ಮೂಳೆ ಟೊಳ್ಳಾಗಿ ಬೆನ್ನುಮೂಳೆ ಕುಸಿದಿರಬಹುದು.

ಕುತ್ತಿಗೆಯ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. ತಲೆಯನ್ನು ಹೊರುವ ಮೊದಲ ಎರಡು ಕಶೇರುಗಳ ನಡುವೆ ಒಂದು ಗೂಟವಿದೆ. ಅದನ್ನು ಹಿಡಿದಿಡುವ ಕಟ್ಟು ಈ ಕಾಯಿಲೆಯಲ್ಲಿ ಸಡಿಲವಾಗುತ್ತದೆ. ಗೂಟ ಹಿಂದಕ್ಕೆ ಸರಿದರೆ ಬೆನ್ನುಹುರಿಗೆ ತಾಗುತ್ತದೆ. ತಲೆಯ ಹಿಂಭಾಗದ ನೋವು, ತಲೆ ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟು ಹೊಡೆದಂಥ ಅನುಭವ, ಗುಂಡಿ ಹಾಕುವಾಗ ಬೆರಳು ತಡವರಿಸುವುದು, ಹೆಜ್ಜೆ ತಪ್ಪುವುದು, ಮೂತ್ರ ಹತೋಟಿ ತಪ್ಪುವುದು, ಇವು ಎಚ್ಚರಿಕೆಯ ಗಂಟೆಗಳು. ತಲೆಯನ್ನು ಮುಂದಕ್ಕೆ ಬಗ್ಗಿಸಿ, ಹಿಂದಕ್ಕೆ ಚಾಚಿ, ಪಕ್ಕದಿಂದ ಎಕ್ಸ್‌ರೇ ತೆಗೆದರೆ ಅಂತರ ಕಾಣುತ್ತದೆ. ದೊಡ್ಡವರಲ್ಲಿ ಅದು 3 ಮಿಲಿಮೀಟರ್ ದಾಟಬಾರದು. ಹಳೆಯ ಸಂಧಿವಾತ ಇರುವವರು ಯಾವ ಶಸ್ತ್ರಚಿಕಿತ್ಸೆಗೆ ಹೋದರೂ, ಕಣ್ಣಿನದಾಗಲಿ ಗರ್ಭಕೋಶದ್ದಾಗಲಿ, ಅರಿವಳಿಕೆ ವೈದ್ಯರಿಗೆ ನಿಮ್ಮ ಕಾಯಿಲೆಯ ಹೆಸರನ್ನು ತಪ್ಪದೆ ಹೇಳಿ. ಉಸಿರಿನ ಕೊಳವೆ ಹಾಕುವಾಗ ಅವರು ಕತ್ತನ್ನು ಹಿಂದಕ್ಕೆ ಬಾಗಿಸುತ್ತಾರೆ.

ಇನ್ನೊಂದು ತುರ್ತು. ಎಲ್ಲ ಕೀಲುಗಳೂ ಸುಮ್ಮನಿದ್ದು, ಒಂದೇ ಒಂದು ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಅಲುಗಿಸಲಾರದಷ್ಟು ನೋಯುತ್ತಿದ್ದರೆ ಅದನ್ನು ಸಂಧಿವಾತದ ಏರುಪೇರು ಎಂದುಕೊಂಡು ಮನೆಯಲ್ಲಿ ಕಾಯಬೇಡಿ. ಕೀಲಿನೊಳಗೆ ಕೀವು ತುಂಬಿರಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರವೂ ಬಾರದೆ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಸೂಜಿ ಹಾಕಿ ನೀರು ತೆಗೆದು ಪರೀಕ್ಷಿಸಬೇಕು. ಒಂದು ವಾರ ತಡವಾದರೆ ಕೀಲು ಹೋಗಬಹುದು, ಜೀವವೂ ಹೋಗಬಹುದು.

ಮಾತು, ಸ್ಪರ್ಶ, ಆಮೇಲೆ ಊತವಲ್ಲದ ನೋವುಗಳು. ಇಷ್ಟನ್ನು ದಾಟಿದ್ದೇವೆ. ಕೀಲಿನ ಆಚೆಗೂ ಈ ಕಾಯಿಲೆ ಹರಡುತ್ತದೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ.

ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಉರಿಯುತ್ತದೆಯೆ, ರೊಟ್ಟಿ ನುಂಗಲು ನೀರು ಬೇಕೇ ಬೇಕೆ ಎಂದು ಕೇಳಬೇಕು. ಕಣ್ಣೀರೂ ಜೊಲ್ಲೂ ಬತ್ತಿರಬಹುದು. ಕಣ್ಣು ಕೆಂಪಾಗಿ ಒಳಗಿಂದ ನೋಯುತ್ತಿದ್ದರೆ ಅಂದೇ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಇದ್ದರೆ ಶ್ವಾಸಕೋಶವನ್ನು ಕೇಳಬೇಕು. ಆ ಸದ್ದು ಹೇಗಿರುತ್ತದೆ ಎಂದು ರೇಡಿಯೋದಲ್ಲಿ ತೋರಿಸಬಲ್ಲೆ. ಕಿವಿಯ ಪಕ್ಕದ ನಾಲ್ಕು ಕೂದಲನ್ನು ಎರಡು ಬೆರಳಿನ ನಡುವೆ ಹೊಸಕಿ ನೋಡಿ. ಸಣ್ಣಗೆ ಚರಚರ ಕೇಳಿಸಿತೆ? ಶ್ವಾಸಕೋಶ ಗಟ್ಟಿಯಾಗುತ್ತಿರುವವರ ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಉಸಿರು ಎಳೆದುಕೊಳ್ಳುವಾಗ ಇದೇ ಸದ್ದು. ಹೃದಯದ ಕಾಯಿಲೆಯ ಅಪಾಯ ಇವರಿಗೆ ಸುಮಾರು ಒಂದೂವರೆ ಪಟ್ಟು. ಕೀಲುನೋವಿನವರಲ್ಲವೆ ಎಂದು ಬಿ.ಪಿ., ಸಕ್ಕರೆ, ಕೊಬ್ಬು ನೋಡದೆ ಬಿಡುವ ಹಾಗಿಲ್ಲ. ಬೀಡಿ ಸಿಗರೇಟು ಈ ಕಾಯಿಲೆಗೂ ಹೃದಯಕ್ಕೂ ಎರಡಕ್ಕೂ ಕೆಟ್ಟದ್ದು. ಇನ್ನು ಮನಸ್ಸು. ಮುಖ ತಗ್ಗಿಸಿ ಕೂತವರನ್ನು, ರಾತ್ರಿ ನಿದ್ದೆ ಬರುತ್ತದೆಯಾ ಅಮ್ಮ, ಬದುಕು ಬೇಜಾರಾಗಿದೆಯಾ ಎಂದು ಕೇಳಲೇಬೇಕು. ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ನೀವೇ ಮೊದಲು ಎಂದು ಅತ್ತವರಿದ್ದಾರೆ.

ಈಗ ನನಗೆ ಬಹಳ ಮುಖ್ಯವೆನಿಸುವ ಒಂದು ಪ್ರಶ್ನೆ. ಇಷ್ಟೆಲ್ಲ ನೋವಿದ್ದು ಇವರು ದಿನದಲ್ಲಿ ಏನೇನು ಮಾಡಬಲ್ಲರು?

ಇದನ್ನು ಅಳೆಯಲು 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ಪ್ರಕಟಿಸಿದರು. 20 ಪ್ರಶ್ನೆಗಳು. ಬಟ್ಟೆ ತೊಡುವುದು, ಏಳುವುದು, ತಿನ್ನುವುದು, ನಡೆಯುವುದು, ಹೀಗೆ ಎಂಟು ಬಗೆ. ಒಳ್ಳೆಯ ಅಳತೆ. ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಆದರೆ ಅದರಲ್ಲಿ ಕಾರಿನ ಬಾಗಿಲು ತೆರೆಯುತ್ತೀರಾ ಎಂಬ ಪ್ರಶ್ನೆ ಇದೆ. ನಮ್ಮ ಹೂವಿನವರಿಗೆ ಕಾರಿನ ಬಾಗಿಲು ಏಕೆ ಬೇಕು? ನಾನು ಕೇಳುವುದು ಹೀಗೆ. ಸೀರೆಯ ನೆರಿಗೆ ನೀವೇ ಹಿಡಿಯುತ್ತೀರಾ? ರಾಗಿಮುದ್ದೆ ಕೂಡಿಸುವಾಗ ಕೋಲು ತಿರುವಲು ಆಗುತ್ತದೆಯೆ? ತುಂಬಿದ ಬಿಂದಿಗೆ ಸೊಂಟಕ್ಕೇರುತ್ತದೆಯೆ? ಚಕ್ಕಂಬಕ್ಕಳ ಹಾಕಿ ಕೂರುತ್ತೀರಾ? ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂತು ಏಳಲು ಯಾರಾದರೂ ಕೈ ಕೊಡಬೇಕೆ? ಬಸ್ಸಿನ ಮೊದಲ ಮೆಟ್ಟಿಲು ಹತ್ತುತ್ತೀರಾ? ಒಂದು ಮೊಳ ಹೂ ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ, ಹೋದ ಯುಗಾದಿಗೆ ಎಷ್ಟು ಹಿಡಿಯುತ್ತಿತ್ತು? ಈ ಕೊನೆಯ ಪ್ರಶ್ನೆ ಯಾವ ಪ್ರಶ್ನಾವಳಿಯಲ್ಲೂ ಇಲ್ಲ. ಅವರಿಗೆ ಅದಕ್ಕಿಂತ ಒಳ್ಳೆಯ ಅಳತೆ ಇನ್ನೊಂದಿಲ್ಲ.

‘ಎಲ್ಲ ಮಾಡ್ತೀನಿ’ ಎಂಬ ಉತ್ತರವನ್ನು ತಕ್ಷಣ ನಂಬಬಾರದು. ಮಾಡುತ್ತಿರುವುದು ಮಗಳೋ ಸೊಸೆಯೋ ಆಗಿರಬಹುದು. ಎಷ್ಟು ವರ್ಷದಿಂದ ಬಿಟ್ಟಿದ್ದಾರೋ, ಬಿಟ್ಟದ್ದು ಅವರಿಗೇ ಮರೆತುಹೋಗಿರುತ್ತದೆ. ಜೊತೆಗೆ ಬಂದವರನ್ನೂ ಕೇಳಬೇಕು. ಹಾಗೆಯೇ ಸೊಟ್ಟಗಾದ ಕೈ ನೋಡಿ, ಇವರಿಂದ ಏನೂ ಆಗದು ಎಂದುಕೊಳ್ಳುವುದೂ ತಪ್ಪು. ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಅವರಿಗೆ ಇದೇ ಕಾಯಿಲೆ ಸುಮಾರು 25 ವರ್ಷ ಇತ್ತು. ಅವರ ಕೊನೆಗಾಲದ ಫೋಟೋಗಳಲ್ಲಿ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡಿವೆ. ಉಗುರು ಅಂಗೈಗೆ ಚುಚ್ಚಬಾರದೆಂದು ಬಟ್ಟೆ ಸುತ್ತಿದ್ದಾರೆ. ಗಾಲಿಕುರ್ಚಿಯಲ್ಲಿ ಕೂತಿದ್ದಾರೆ. ಕುಂಚವನ್ನು ಬೆರಳ ಸಂದಿಗೆ ಬೇರೆಯವರು ಇಟ್ಟುಕೊಡಬೇಕಾಗಿತ್ತು. 1919ರಲ್ಲಿ ತೀರಿಕೊಳ್ಳುವವರೆಗೂ ಅವರು ಚಿತ್ರ ಬರೆಯುತ್ತಲೇ ಇದ್ದರು. ಕೈಯ ಆಕಾರ ಒಂದು, ಕೈಯ ಕೆಲಸ ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಬೇಕು.

ಮನೆಯಿಂದ ಬರುವಾಗ ನೀವು ತರಬೇಕಾದ್ದೂ ಒಂದಿದೆ. ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು ತನ್ನಿ. ನಾಟಿ ಔಷಧ, ಪುಡಿ, ಕಷಾಯ ಎಲ್ಲವನ್ನೂ ತನ್ನಿ. ಬೈಯುವುದಕ್ಕೆ ಕೇಳುತ್ತಿಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಟ್ಟ ಸಣ್ಣ ಮಾತ್ರೆ ಸ್ಟೀರಾಯ್ಡ್ ಆಗಿದ್ದರೆ ಊತ ಮುಚ್ಚಿಕೊಂಡಿರುತ್ತದೆ, ನಮ್ಮ ಹೆಬ್ಬೆರಳಿಗೂ ಸಿಗುವುದಿಲ್ಲ. ಅದನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ಈ ಕಾಯಿಲೆಯ ಮುಖ್ಯ ಔಷಧ. ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ಮತ್ತೆ ಹೇಳುತ್ತೇನೆ, ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣಕ್ಕೇ ಕುತ್ತು ತಂದುಕೊಂಡವರಿದ್ದಾರೆ. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ವಾರದ ಯಾವ ದಿನ ಎಂದು ನಿಗದಿ ಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡಿ.

ಈಗ ನಮ್ಮ ಹೂವಿನವರ ಹತ್ತಿರ ಹೋಗೋಣ. ಅವರ ಬೆರಳುಗಳು ಗಾಳಿಗೆ ಒಂದೇ ಕಡೆ ಬಾಗಿದ ಭತ್ತದ ತೆನೆಯ ಹಾಗೆ ಕಿರುಬೆರಳಿನ ಕಡೆಗೆ ವಾಲಿವೆ. 28 ಕೀಲುಗಳನ್ನೂ ಮುಟ್ಟಿದೆ. ಒತ್ತಿದರೆ ನೋಯುವವು ಐದು. ಊದಿರುವುದು ಒಂದೂ ಇಲ್ಲ. ಎಲ್ಲ ಕಡೆಯೂ ಹುಣಸೆ ಬೀಜವೇ, ದ್ರಾಕ್ಷಿ ಇಲ್ಲ. ಹತ್ತಕ್ಕೆ ಎಷ್ಟಮ್ಮ ಎಂದರೆ ‘ಎಂಟು’ ಅಂದರು. ನಾನು ಎರಡು ಬರೆದೆ. ಕೂಡಿದರೆ 15. ಪುಸ್ತಕದ ಲೆಕ್ಕದಲ್ಲಿ ಇದು ಮಧ್ಯಮ. ಬರೀ ಅಂಕ ನೋಡುವವರು ಔಷಧ ಏರಿಸುತ್ತಾರೆ. ಆದರೆ ಊತವಿಲ್ಲದ ಕೈಗೆ ಏರಿಸುವುದು ಏನನ್ನು? ಆ ಎಂಟು ಎಲ್ಲಿಂದ ಬಂತು?

28 ಕೀಲುಗಳ ಪಟ್ಟಿಯಲ್ಲಿ ಪಾದ ಇಲ್ಲ. ಗಮನಿಸಿದಿರಾ? ನಾನು ಹೇಳುವಾಗ ಭುಜ, ಮೊಳಕೈ, ಮಣಿಕಟ್ಟು, ಬೆರಳು, ಮಂಡಿಗೆ ನಿಲ್ಲಿಸಿದ್ದೆ. ಎಣಿಕೆ ಸುಲಭವಾಗಲಿ ಎಂದು ಪಾದವನ್ನು ಬಿಟ್ಟಿದ್ದಾರೆ. ಕಾಯಿಲೆ ಪಾದವನ್ನು ಬಿಡುವುದಿಲ್ಲ.

‘ಅಮ್ಮ, ಮಂಚದ ಮೇಲೆ ಕಾಲು ಚಾಚಿ’ ಅಂದೆ. ‘ಕಾಲು ಧೂಳಾಗಿದೆ, ಬೇಡಿ’ ಎಂದು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡರು. ನಾನು ಬಿಡಲಿಲ್ಲ. ಕಾಲ್ಬೆರಳುಗಳು ಮೇಲಕ್ಕೆ ಮಡಚಿಕೊಂಡಿದ್ದವು. ಹೆಬ್ಬೆರಳು ಪಕ್ಕದ ಬೆರಳಿನ ಕೆಳಗೆ ನುಗ್ಗಿತ್ತು. ಅಂಗಾಲಿನ ಮುಂಭಾಗದಲ್ಲಿ, ಎರಡನೆಯ ಬೆರಳಿನ ಬುಡದಲ್ಲಿ, ಮೂಳೆಯ ತುದಿ ಚರ್ಮಕ್ಕೆ ಒತ್ತಿಕೊಂಡು ಗಟ್ಟಿ ಆಣಿ ಕಟ್ಟಿತ್ತು. ಆಣಿಯ ನಡುವೆ ಒಂದು ಸಣ್ಣ ಬಿರುಕು, ಅದರಲ್ಲಿ ಒಣಗಿದ ರಕ್ತ. ‘ನಡೆದ್ರೆ ಹೇಗಾಗತ್ತೆ?’ ಎಂದು ಕೇಳಿದೆ. ‘ಜಲ್ಲಿ ಕಲ್ಲಿನ ಮೇಲೆ ನಡ್ದಂಗೆ’ ಅಂದರು. ಎಷ್ಟು ದಿನದಿಂದ? ಎರಡು ವರ್ಷದಿಂದ. ಯಾರಿಗೂ ಹೇಳಲಿಲ್ಲವೆ? ‘ಯಾರೂ ಕಾಲು ನೋಡ್ಲಿಲ್ಲ. ಅದೂ ಅದೇ ನೋವು ಅಂದ್ಕೊಂಡೆ.’

ಚಪ್ಪಲಿ ಎಲ್ಲಿ ಎಂದೆ. ಬಾಗಿಲ ಹೊರಗೆ ಬಿಟ್ಟು ಬಂದಿದ್ದರು. ನಮ್ಮ ಜನ ಡಾಕ್ಟರ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರುವುದಿಲ್ಲ. ಜೊತೆಗೆ ಬಂದಿದ್ದ ಅವರ ಮಗನಿಗೆ ಹೇಳಿ ಒಳಗೆ ತರಿಸಿದೆ. ರಬ್ಬರ್ ಚಪ್ಪಲಿ. ಹಿಮ್ಮಡಿಯ ಕಡೆ ಹೊಸದರಂತಿದೆ. ಮುಂಭಾಗದಲ್ಲಿ ಎರಡನೆಯ ಬೆರಳಿನ ಬುಡ ಕೂರುವಲ್ಲಿ ಎಂಟಾಣೆಯಗಲದ ಗುಳಿ. ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಸವೆದಿತ್ತು.

ಔಷಧವನ್ನು ಏರಿಸಲಿಲ್ಲ. ಆಣಿಯನ್ನು ತೆಗೆದು ಗಾಯಕ್ಕೆ ಪಟ್ಟಿ ಕಟ್ಟಿದೆವು. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಅಟ್ಟೆ ಹಾಕಿ, ಬೆರಳ ಬುಡಕ್ಕಿಂತ ಸ್ವಲ್ಪ ಹಿಂದೆ ಒಂದು ದಿಂಬು ಕೂರಿಸಿ ಚಪ್ಪಲಿ ಮಾಡಿಸಲು ಬರೆದುಕೊಟ್ಟೆ. ಭಾರವೆಲ್ಲ ಆ ದಿಂಬಿನ ಮೇಲೆ ಹಂಚಿಹೋಗುತ್ತದೆ.

ಮೂರು ತಿಂಗಳ ಮೇಲೆ ಅವರು ಮತ್ತೆ ಬಂದರು. ಬಾಗಿಲಲ್ಲಿ ನಿಂತು, ಎರಡೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದು, ಅಡಿ ಮೇಲಾಗಿ ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ‘ಮೊದ್ಲು ಇದನ್ನ ನೋಡಿ ಡಾಕ್ಟ್ರಮ್ಮ’ ಅಂದರು.